ನುಡಿ ಫೈಲು, ಮದುವೆ ವಿಡಿಯೊ, ಟ್ಯಾಲಿ ಲೆಕ್ಕ: ಹಳೇ ಕಂಪ್ಯೂಟರ್‌ನಿಂದ ಹೊಸದಕ್ಕೆ ತರುವುದು ಹೇಗೆ?

ಈ ಸಲ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮನೆಗೆ ಹೊಸ ಕಂಪ್ಯೂಟರ್ ಬಂದಿದೆ, ಹಳೆಯದರಲ್ಲಿ ಇರುವುದನ್ನೆಲ್ಲ ಅದಕ್ಕೆ ತರಬೇಕು. ಕಾರಣವೂ ಗೊತ್ತಿರುವುದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಬೇರೆಯಾಗಿ ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಅದೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು ಅನ್ನುತ್ತದೆ. ಹಾಗಾಗಿ ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರ್‌ಗಳನ್ನೂ ಜನ ಬದಲಿಸುತ್ತಿದ್ದಾರೆ.

ಎಲ್ಲರಿಗೂ ಮೊದಲೇ ಒಂದು ಮಾತು. ಹಳೇ ಕಂಪ್ಯೂಟರ್ ಕೊಡುವ ಆತುರ ಬೇಡ. ತಂದ ಫೈಲುಗಳನ್ನು ಹೊಸದರಲ್ಲಿ ತೆರೆದು, ಓದಿ, ನೋಡಿ ಆಗುವ ತನಕ ಹಳೆಯದು ಮನೆಯಲ್ಲೇ ಇರಲಿ. ಯಾಕೆ ಅನ್ನುವುದು ಮೊದಲ ಪ್ರಶ್ನೆಯಲ್ಲೇ ಇದೆ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. ನಮ್ಮ ಕಡೆಯ ಸೋಬಾನೆ ಪದ, ಬೀಸುವ ಪದ, ಒಗಟುಗಳನ್ನು ಹಳ್ಳಿಗಳಲ್ಲಿ ತಿರುಗಿ ಬರೆದುಕೊಂಡು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದೆ. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ತಂದುಹಾಕಿದ. ಈಗ ತೆರೆದರೆ ಕನ್ನಡವೇ ಇಲ್ಲ. ಅರ್ಥವಾಗದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕೆ. ಹಾಡು ಹೇಳಿದ ಅಜ್ಜಿಯರಲ್ಲಿ ಬಹಳ ಮಂದಿ ಈಗಿಲ್ಲ. ಫೈಲು ಹಾಳಾಯಿತೇ? – ಓದುಗರು, ಹಾಸನ ಜಿಲ್ಲೆ

ಉತ್ತರ: ಹಾಳಾಗಿಲ್ಲ ಮೇಷ್ಟ್ರೇ. ಒಂದಕ್ಷರವೂ ಹೋಗಿಲ್ಲ, ಧೈರ್ಯವಾಗಿರಿ. ಆದರೆ ಮುಂದೆ ಓದುವ ತನಕ ಆ ಫೈಲುಗಳಲ್ಲಿ ಏನನ್ನೂ ತಿದ್ದಬೇಡಿ, ಸೇವ್ ಕೂಡ ಮಾಡಬೇಡಿ.

ಆಗಿರುವುದು ಇಷ್ಟು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇತ್ತು, ಆದರೆ ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಜೊತೆ, ತುಂಗಾ ಫಾಂಟ್‌ನೊಂದಿಗೆ. ಅದು ಎಲ್ಲ ಪ್ರೋಗ್ರಾಮ್‌ಗಳಲ್ಲೂ ಸರಿಯಾಗಿ ನಡೆಯಲು ಇನ್ನೂ ವರ್ಷಗಳೇ ಹಿಡಿದವು. ಆ ಕಾಲದಲ್ಲಿ ಕನ್ನಡದ ಕೆಲಸ ನಡೆದದ್ದು ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳಿಂದ. ಇವುಗಳ ಹಳೇ ಫಾಂಟುಗಳಲ್ಲಿ ಒಂದು ಉಪಾಯ ಇತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ನೀವು ‘ಕ’ ಎಂದು ಟೈಪ್ ಮಾಡಿದಾಗ ಫೈಲಿನೊಳಗೆ ಕೂತದ್ದು ಇಂಗ್ಲಿಷಿನ ‘ಪಿ’ ಮತ್ತು ಅದರ ಪಕ್ಕ ತಲೆ ಮೇಲೆ ಗೀಟಿರುವ ‘ಎ’. ನುಡಿ ಫಾಂಟು ಇರುವ ಕಂಪ್ಯೂಟರ್‌ನಲ್ಲಿ ಆ ಜೋಡಿ ‘ಕ’ ಆಗಿ ಕಾಣುತ್ತದೆ. ಫಾಂಟು ಇಲ್ಲದ ಹೊಸ ಲ್ಯಾಪ್‌ಟಾಪ್‌ನಲ್ಲಿ ಅದು ತನ್ನ ನಿಜವಾದ ರೂಪದಲ್ಲೇ ಕಾಣುತ್ತದೆ. ಮಗ ತಪ್ಪೇನೂ ಮಾಡಿಲ್ಲ, ಫೈಲು ತಂದಿದ್ದಾರೆ, ಫಾಂಟು ಬಂದಿಲ್ಲ ಅಷ್ಟೇ.

ಮೊದಲು ಮಾಡಬೇಕಾದದ್ದು ಫಾಂಟು ತರುವುದು. ಹಳೇ ಕಂಪ್ಯೂಟರ್‌ನ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್ ಫೋಲ್ಡರ್ ಇದೆ. ನುಡಿ ಎಂದು ಶುರುವಾಗುವ ಎಲ್ಲವನ್ನೂ (ಬರಹ, ಶ್ರೀಲಿಪಿ ಬಳಸಿದ್ದರೆ ಅವನ್ನೂ) ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಹೊಸದರಲ್ಲಿ ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ನಿಮ್ಮ ಹಾಡುಗಳು ಕಾಣುತ್ತವೆ.

ಎರಡನೆಯದು, ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿರುವಾಗಲೇ ಎಲ್ಲ ಫೈಲುಗಳನ್ನೂ ಅಲ್ಲೇ ಪಿಡಿಎಫ್ ಮಾಡಿಬಿಡಿ. ಪಿಡಿಎಫ್ ಮಾಡುವಾಗ ಫಾಂಟು ಸಾಮಾನ್ಯವಾಗಿ ಅದರೊಳಗೇ ಸೇರಿಹೋಗುತ್ತದೆ, ಹಾಗಾಗಿ ಯಾವ ಕಂಪ್ಯೂಟರ್‌ನಲ್ಲಿ, ಯಾವ ಫೋನ್‌ನಲ್ಲಿ ತೆರೆದರೂ ಅದೇ ಕನ್ನಡ ಕಾಣುತ್ತದೆ. ಒಂದನ್ನು ಫೋನ್‌ನಲ್ಲಿ ತೆರೆದು ಖಾತ್ರಿ ಮಾಡಿಕೊಳ್ಳಿ. ಮುಂದೆ ಏನೇ ಎಡವಟ್ಟಾದರೂ ಓದಲು ಒಂದು ಪ್ರತಿ ಇದ್ದೇ ಇರುತ್ತದೆ. ಪುಸ್ತಕಕ್ಕೆಂದು ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿಸಿದ್ದರೆ ಅದಕ್ಕೆ ಇದು ಇನ್ನೂ ಮುಖ್ಯ, ಯಾಕೆಂದರೆ ಪೇಜ್‌ಮೇಕರ್ ನಿಂತು ವರ್ಷಗಳಾದವು, ಆ ಫೈಲುಗಳನ್ನು ಈಗಿನ ಹೆಚ್ಚಿನ ಪ್ರೋಗ್ರಾಮ್‌ಗಳು ತೆರೆಯುವುದಿಲ್ಲ.

ಮೂರನೆಯದು ಯೂನಿಕೋಡ್‌ಗೆ ಬದಲಿಸುವುದು. ಇದನ್ನು ನೀವು ಮಾಡಲೇಬೇಕು ಅಂತ ನನ್ನ ಒತ್ತಾಯ. ಫಾಂಟು ಹಾಕಿದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಕಾಣುತ್ತದೆ, ನಿಜ. ಆದರೆ ಫೈಲಿನ ಒಳಗೆ ಇರುವುದು ಈಗಲೂ ಇಂಗ್ಲಿಷ್ ಅಕ್ಷರವೇ. ‘ಗಿರಿಜೆ’ ಎಂದು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಗೊಜಲು, ನಾಳೆ ಯಾರೋ ವಿದ್ಯಾರ್ಥಿ ನಿಮ್ಮ ಸಂಗ್ರಹ ನೋಡಬೇಕೆಂದರೂ ಕಷ್ಟ. ನುಡಿಯ ಈಚಿನ ಆವೃತ್ತಿಗಳಲ್ಲಿ, ಬರಹದಲ್ಲಿ ಇದಕ್ಕೆಂದೇ ಪರಿವರ್ತಕ ಇದೆ, ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಮೂಲ ಫೈಲನ್ನು ಮುಟ್ಟದೆ, ಇನ್ನೊಂದು ಪ್ರತಿ ಮಾಡಿಕೊಂಡು ಅದನ್ನು ಬದಲಿಸಿ.

ಇಲ್ಲಿ ಬಹಳ ಜನ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಗೊಜಲು ಕಂಡ ಕೂಡಲೇ ಪೂರ್ತಿ ಸೆಲೆಕ್ಟ್ ಮಾಡಿ ಫಾಂಟನ್ನು ಯೂನಿಕೋಡ್ ಫಾಂಟುಗಳಾದ ತುಂಗಾಗೋ ನಿರ್ಮಲಾಗೋ ಬದಲಿಸಿ ಸೇವ್ ಮಾಡುತ್ತಾರೆ. ಅದರಿಂದ ಕನ್ನಡ ಬರುವುದಿಲ್ಲ, ಬದಲಿಗೆ ಇದ್ದ ಒಂದು ಗುರುತೂ ಹೋಗುತ್ತದೆ. ವರ್ಡ್ ಫೈಲಿನಲ್ಲಿ ಯಾವ ಸಾಲು ನುಡಿಯದು, ಯಾವ ಪದ ನಿಜಕ್ಕೂ ಇಂಗ್ಲಿಷಿನದು ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಅದು ಅಳಿಸಿದರೆ ಪರಿವರ್ತಕಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಇಂಗ್ಲಿಷ್ ಪದಗಳೂ ವಿಚಿತ್ರ ಕನ್ನಡವಾಗಿಬಿಡುತ್ತವೆ. ಹಾಡಿನ ಕೆಳಗೆ ಊರು, ತಾರೀಖು, ಇಂಗ್ಲಿಷಿನಲ್ಲಿ ಏನಾದರೂ ಟಿಪ್ಪಣಿ ಬರೆದಿದ್ದರೆ ಅವನ್ನು ಮೂಲದ ಜೊತೆ ಹೋಲಿಸಿ ನೋಡಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳು, ಈ ಮೂರು ಕಡೆ ತಪ್ಪು ಜಾಸ್ತಿ. ಪಿಡಿಎಫ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದಿದ ಹಾಗೆ ದಿನಕ್ಕೆ ಒಂದಿಷ್ಟು ಪುಟ ತಿದ್ದುತ್ತಾ ಹೋಗಿ. ಪದ ಸರಿಯಾಗಿದೆಯೋ ಇಲ್ಲವೋ ಅಂತ ಹೇಳಬಲ್ಲವರು ನೀವೇ, ಹಾಡು ಕೇಳಿದ ಕಿವಿ ನಿಮ್ಮದು.

ಪ್ರಶ್ನೆ: ಹಳೇ ಕಂಪ್ಯೂಟರ್‌ನ ಸಿ ಡ್ರೈವನ್ನು ಪೂರ್ತಿ ಕಾಪಿ ಮಾಡಿ ಹೊಸದರಲ್ಲಿ ಪೇಸ್ಟ್ ಮಾಡಿದರೆ ಸಾಫ್ಟ್‌ವೇರ್ ಸಮೇತ ಎಲ್ಲ ಬರುತ್ತದೆ ಅಲ್ವಾ? – ಓದುಗರು, ಮೈಸೂರು

ಉತ್ತರ: ಬರುವುದಿಲ್ಲ. ಫೋಟೊ, ಪತ್ರ, ಹಾಡು ಇವು ಬರುತ್ತವೆ. ಪ್ರೋಗ್ರಾಮ್‌ಗಳು ಹಾಗೆ ಬರುವುದಿಲ್ಲ, ಅವು ಇನ್‌ಸ್ಟಾಲ್ ಆಗುವಾಗ ವಿಂಡೋಸ್‌ನ ಒಳಗೆ ಹತ್ತಾರು ಕಡೆ ತಮ್ಮ ವಿವರ ಬರೆದಿಟ್ಟಿರುತ್ತವೆ. ಹೊಸದರಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು. ಹಣ ಕೊಟ್ಟು ತಂದವುಗಳ ಕೀ ನಂಬರ್, ಬಿಲ್ಲು ಹುಡುಕಿಟ್ಟುಕೊಳ್ಳಿ. ವಿಂಡೋಸ್ 7ರಲ್ಲಿ ‘ಈಸಿ ಟ್ರಾನ್ಸ್‌ಫರ್’ ಎನ್ನುವ ಸೌಲಭ್ಯವಿತ್ತು, 10ಕ್ಕೆ ಬರುವಾಗ ತೆಗೆದುಬಿಟ್ಟರು.

ನೀವು ತರಬೇಕಾದದ್ದು ನಿಮ್ಮದನ್ನು ಮಾತ್ರ. ಸಿ ಡ್ರೈವ್‌ನಲ್ಲಿ ಯೂಸರ್ಸ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್, ಡೌನ್‌ಲೋಡ್ಸ್ ಎಲ್ಲ ಅಲ್ಲೇ ಇವೆ. ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇದ್ದರೆ ಅವರವರ ಹೆಸರಿನ ಫೋಲ್ಡರ್‌ಗಳನ್ನೂ ಮರೆಯಬೇಡಿ. ಆಮೇಲೆ ಡಿ, ಇ ಡ್ರೈವ್‌ಗಳು. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಡಿಸ್ಕನ್ನು ಮೂರ್ನಾಲ್ಕು ಭಾಗ ಮಾಡಿಕೊಡುವುದು ರೂಢಿ, ‘ನ್ಯೂ ಫೋಲ್ಡರ್ 2’ ಅನ್ನುವಂಥ ಹೆಸರಿನೊಳಗೆ ಮಗುವಿನ ನಾಮಕರಣದ ಫೋಟೊ ಕೂತಿರುತ್ತದೆ. ಪ್ರತಿ ಡ್ರೈವ್‌ನಲ್ಲೂ ಜೆಪಿಜಿ, ಪಿಡಿಎಫ್ ಎಂದು ಹುಡುಕಿ ನೋಡಿ, ಸ್ಕ್ಯಾನರ್ ತನ್ನದೇ ಫೋಲ್ಡರ್ ಮಾಡಿಕೊಂಡು ಇಟ್ಟಿರುವ ಪಹಣಿ, ಅಂಕಪಟ್ಟಿಗಳೂ ಆಗ ಸಿಗುತ್ತವೆ.

ಸಾಗಿಸಲು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೇ ಒಳ್ಳೆಯದು. ಒಮ್ಮೆ ಸಾಗಿಸಿದ ಮೇಲೆ ಅದೇ ನಿಮ್ಮ ಬ್ಯಾಕಪ್ ಆಗಿಯೂ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ನೀಲಿ ಬಣ್ಣದ ಯುಎಸ್‌ಬಿ ತೂತು ಇದ್ದರೆ ಅದಕ್ಕೇ ಹಾಕಿ, ಅದು ಸಾಮಾನ್ಯವಾಗಿ 3.0. ಹಳೆಯ 2.0ರಲ್ಲಿ 500 ಜಿಬಿ ಸಾಗಿಸಲು ಸುಮಾರು ನಾಲ್ಕು ಗಂಟೆಯಾದರೂ ಹಿಡಿಯುತ್ತದೆ, ಸಣ್ಣ ಸಣ್ಣ ಫೋಟೊಗಳೇ ಜಾಸ್ತಿ ಇದ್ದರೆ ಇನ್ನೂ ಹೊತ್ತು. ಕಟ್ ಮಾಡಬೇಡಿ, ಕಾಪಿ ಮಾಡಿ. ಕಟ್ ಮಾಡಿ ಪೇಸ್ಟ್ ಆಗುತ್ತಿರುವಾಗ ಕರೆಂಟ್ ಹೋದರೆ ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಸಾಕಾಗುತ್ತದೆ.

ಕಾಪಿ ಮುಗಿದ ಮೇಲೆ ಎರಡೂ ಕಡೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಫೈಲುಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ಕಡಿಮೆ ಬಂದರೆ ಕೆಲವು ಉಳಿದಿವೆ ಎಂದೇ ಅರ್ಥ. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಎಂದು ಉದ್ದಕ್ಕೆ ಹೋಗಿ ಒಟ್ಟು ವಿಳಾಸ 260 ಅಕ್ಷರ ಮುಟ್ಟಿದರೆ ವಿಂಡೋಸ್ ತಕರಾರು ಮಾಡುತ್ತದೆ, ಆಗ ಮೇಲಿನ ಫೋಲ್ಡರ್‌ಗಳ ಹೆಸರು ಚಿಕ್ಕದು ಮಾಡಿ ಮತ್ತೆ ಪ್ರಯತ್ನಿಸಿ. ಕಾಪಿ ಮಾಡಿದ ಫೋಟೊಗಳ ‘ಕ್ರಿಯೇಟೆಡ್’ ತಾರೀಖು ಇವತ್ತಿನದಾಗಿದೆ ಎಂದು ಗಾಬರಿಯಾಗಬೇಡಿ. ಕ್ಯಾಮೆರಾ ಬರೆದ ‘ಡೇಟ್ ಟೇಕನ್’ ಫೋಟೊದ ಒಳಗೇ ಇರುತ್ತದೆ, ಅದು ಬದಲಾಗುವುದಿಲ್ಲ.

ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಬೇರೆ. ಕ್ರೋಮ್ ಆದರೆ ಹಳೆಯದರಲ್ಲಿ ನಿಮ್ಮ ಗೂಗಲ್ ಖಾತೆಗೆ ಸೈನ್ ಇನ್ ಆಗಿ ಸಿಂಕ್ ಆನ್ ಮಾಡಿ, ಹೊಸದರಲ್ಲೂ ಅದೇ ಖಾತೆ ಹಾಕಿದರೆ ಬರುತ್ತವೆ. ಔಟ್‌ಲುಕ್‌ನಲ್ಲಿ ಹಳೇ ಮೇಲ್ ಇಟ್ಟಿದ್ದರೆ ಪಿಎಸ್‌ಟಿ ಫೈಲ್ ಹುಡುಕಿ ತನ್ನಿ, ಔಟ್‌ಲುಕ್ ಮುಚ್ಚಿದ ಮೇಲೆ ಕಾಪಿ ಮಾಡಿ.

ಪ್ರಶ್ನೆ: ತಂಗಿಯ ಮದುವೆ ವಿಡಿಯೊ 7 ಜಿಬಿ ಇದೆ. 32 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಜಾಗ ಇದ್ದರೂ ಯಾಕೆ ಹೀಗೆ? – ಓದುಗರು, ಬೆಳಗಾವಿ

ಉತ್ತರ: ಆ ಪೆನ್‌ಡ್ರೈವ್ ಫ್ಯಾಟ್32 ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ಟು, ಅಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಆಮೇಲೆ ವಿಡಿಯೊ ಹೋಗುತ್ತದೆ. ಹಳೇ ಟಿವಿಗಳಲ್ಲಿ ಕೆಲವು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ಎಚ್ಚರ. ತೀರಾ ಅಗ್ಗಕ್ಕೆ ‘1 ಟಿಬಿ’, ‘2 ಟಿಬಿ’ ಎಂದು ಮಾರುವ ಪೆನ್‌ಡ್ರೈವ್‌ಗಳಲ್ಲಿ ಮೋಸದವು ಇವೆ. ಒಳಗಿರುವುದು 32 ಅಥವಾ 64 ಜಿಬಿ, ಕಂಪ್ಯೂಟರ್‌ಗೆ ಮಾತ್ರ 2 ಟಿಬಿ ಎಂದು ತೋರಿಸುತ್ತದೆ. ಕಾಪಿ ಆದ ಹಾಗೆ ಕಾಣುತ್ತದೆ, ಹೆಸರುಗಳೂ ಕಾಣುತ್ತವೆ, ತೆರೆದರೆ ಏನೂ ಇರುವುದಿಲ್ಲ. ಅದಕ್ಕೇ ವಿಡಿಯೊವನ್ನು ಮೊದಲಿಂದ ಮಾತ್ರ ಅಲ್ಲ, ಮಧ್ಯೆ, ಕೊನೆಗೆ ಹೋಗಿಯೂ ಓಡಿಸಿ ನೋಡಿ.

ಪ್ರಶ್ನೆ: ನಮ್ಮದು ಕಿರಾಣಿ ಹೋಲ್‌ಸೇಲ್ ಅಂಗಡಿ. ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಹೊಸ ಕಂಪ್ಯೂಟರ್‌ಗೆ ಹಾಕಿದಾಗ ಹಳೇ ವರ್ಷಗಳ ಲೆಕ್ಕ ಹೋಗುತ್ತದಾ? – ಓದುಗರು, ದಾವಣಗೆರೆ

ಉತ್ತರ: ಹೋಗುವುದಿಲ್ಲ, ಆದರೆ ಇದರಲ್ಲಿ ಕ್ರಮ ಮುಖ್ಯ. ಮೊದಲು ಹಳೆಯದರಲ್ಲಿ ಟ್ಯಾಲಿಯ ಒಳಗಿಂದಲೇ ಎಲ್ಲ ಕಂಪನಿಗಳ ಬ್ಯಾಕಪ್ ತೆಗೆಯಿರಿ. ಅದರ ಜೊತೆ ಡೇಟಾ ಫೋಲ್ಡರನ್ನೂ ಹಾಗೇ ಕಾಪಿ ಮಾಡಿಕೊಳ್ಳಿ, ಆಗ ಟ್ಯಾಲಿ ಮುಚ್ಚಿರಬೇಕು. ಡೇಟಾ ಎಲ್ಲಿದೆ ಅನ್ನುವುದನ್ನು ಟ್ಯಾಲಿಯೇ ಕಂಪನಿ ತೆರೆಯುವ ಪರದೆಯಲ್ಲಿ ತೋರಿಸುತ್ತದೆ. ಒಳಗೆ ಹೆಸರಿನ ಬದಲು ಬರೀ ಅಂಕಿಯ ಫೋಲ್ಡರ್‌ಗಳಿರುತ್ತವೆ, ಒಂದೊಂದೂ ಒಂದೊಂದು ಕಂಪನಿ. ಇದೇನೋ ಬೇಡದ್ದು ಎಂದು ಬಿಟ್ಟುಬರಬೇಡಿ.

ಆಮೇಲೆ ಲೈಸೆನ್ಸ್. ಒಂದೇ ಕಂಪ್ಯೂಟರಿನ ಲೈಸೆನ್ಸ್ ಆದರೆ ಹಳೆಯದರಲ್ಲಿ ‘ಸರೆಂಡರ್’ ಮಾಡಿ, ನಂತರ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಟ್ಯಾಲಿಪ್ರೈಮ್‌ನಲ್ಲಿ ಎಫ್1 ಒತ್ತಿ ಸೆಟ್ಟಿಂಗ್ಸ್, ಲೈಸೆನ್ಸ್‌ಗೆ ಹೋದರೆ ಸಿಗುತ್ತದೆ. ಇದಕ್ಕೆ ಹಳೇ ಕಂಪ್ಯೂಟರ್‌ನಲ್ಲಿ ಇಂಟರ್‌ನೆಟ್ ಇರಬೇಕು, ಹಾಗಾಗಿ ಅದನ್ನು ಬಿಚ್ಚುವ ಮೊದಲೇ ಮುಗಿಸಿ.

ಟ್ಯಾಲಿಯ ಹಳೇ ಆವೃತ್ತಿಯಾದ ಇಆರ್‌ಪಿ 9ರಿಂದ ಈಗಿನ ಟ್ಯಾಲಿಪ್ರೈಮ್‌ಗೆ ಹೋಗುತ್ತಿದ್ದರೆ ಡೇಟಾ ಹೊಸ ರೂಪಕ್ಕೆ ಬದಲಾಗುತ್ತದೆ, ಆಮೇಲೆ ಅದು ಹಳೆಯದರಲ್ಲಿ ತೆರೆಯುವುದಿಲ್ಲ. ಬದಲಾಗದ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಎಲ್ಲ ಆದ ಮೇಲೆ ಎರಡು ಕಂಪ್ಯೂಟರ್‌ಗಳನ್ನೂ ಅಕ್ಕಪಕ್ಕ ಇಟ್ಟು ಒಂದೇ ತಾರೀಖಿನ ಟ್ರಯಲ್ ಬ್ಯಾಲೆನ್ಸ್ ತೆಗೆದು ಹೋಲಿಸಿ. ಪೈಸೆ ಸಮೇತ ಕೂಡಿಬರಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಹಳೇ ವರ್ಷದ್ದು ಬೇಡ ಬಿಡಿ ಎನ್ನುವ ಹಾಗಿಲ್ಲ.

ಪ್ರಶ್ನೆ: ಅಪ್ಪನ ಹಳೇ ಲ್ಯಾಪ್‌ಟಾಪ್ ಆನ್ ಆಗುತ್ತಲೇ ಇಲ್ಲ. ಅಪ್ಪ ತೀರಿಕೊಳ್ಳುವ ಮೊದಲಿನ ಫೋಟೊಗಳೆಲ್ಲ ಅದರಲ್ಲಿವೆ. ಸಿಗುತ್ತವಾ? – ಓದುಗರು, ಉಡುಪಿ

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ ಅಮ್ಮಾ. ಲ್ಯಾಪ್‌ಟಾಪ್ ಕೆಟ್ಟಿತು ಅಂದರೆ ಹೆಚ್ಚಿನ ಸಲ ಕೆಟ್ಟಿರುವುದು ಬೋರ್ಡು, ಬ್ಯಾಟರಿ, ಚಾರ್ಜಿಂಗ್ ಭಾಗ. ಫೋಟೊ ಇರುವ ಡಿಸ್ಕು ಬೇರೆ. ಅದನ್ನು ಹೊರಗೆ ತೆಗೆದು ಡಿಸ್ಕಿನ ಸಾಟಾ ಕೊಂಡಿಯಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಅಥವಾ ಕೇಸ್‌ನಲ್ಲಿ ಹಾಕಿದರೆ ಪೆನ್‌ಡ್ರೈವ್ ಥರ ಹೊಸ ಕಂಪ್ಯೂಟರ್‌ನಲ್ಲಿ ಕಾಣುತ್ತದೆ. ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲೇ ಸಿಗುತ್ತದೆ, ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌.ಪಿ. ರಸ್ತೆಯಲ್ಲಿ ಬೇಕಾದಷ್ಟು ಇವೆ. ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್ ಆದರೆ ಬೇರೆ ಪವರ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ತೆಗೆಯಲು ಬರದಿದ್ದರೆ ರಿಪೇರಿಯವರ ಎದುರಲ್ಲೇ ಕೂತು ತೆಗೆಸಿ, ಡಿಸ್ಕನ್ನು ನೀವೇ ತನ್ನಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಡಿಸ್ಕು ಬೋರ್ಡಿಗೇ ಅಂಟಿರುತ್ತದೆ, ಆಗ ಬೋರ್ಡು ರಿಪೇರಿ ಮಾಡಿಸದೆ ದಾರಿಯಿಲ್ಲ.

ಜೋಡಿಸಿದಾಗ ಎರಡು ಅಡ್ಡಿ ಬರಬಹುದು. ಅಪ್ಪನವರ ಹೆಸರಿನ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ ಅನ್ನಬಹುದು, ‘ಕಂಟಿನ್ಯೂ’ ಒತ್ತಿ ಕಾಯಿರಿ. ಇನ್ನೊಂದು, 48 ಅಂಕಿಯ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಕೀ ಕೇಳಬಹುದು. ಆ ಲ್ಯಾಪ್‌ಟಾಪ್‌ಗೆ ಬಳಸಿದ್ದ ಮೈಕ್ರೋಸಾಫ್ಟ್ ಖಾತೆಗೆ ಫೋನ್‌ನಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಹಾಗಾಗಿ ಅಪ್ಪನವರ ಇಮೇಲ್ ಮತ್ತು ಅದಕ್ಕೆ ಜೋಡಿಸಿದ್ದ ಸಿಮ್ ಚಾಲ್ತಿಯಲ್ಲಿದ್ದರೆ ಸದ್ಯಕ್ಕೆ ನಿಲ್ಲಿಸಬೇಡಿ.

ಡಿಸ್ಕಿನಿಂದ ಟಕ್ ಟಕ್ ಎಂದು ಸದ್ದು ಬಂದರೆ ಮಾತ್ರ ಆ ಕ್ಷಣವೇ ಬಿಚ್ಚಿಬಿಡಿ. ಇನ್ನೊಮ್ಮೆ ನೋಡೋಣ, ಮತ್ತೊಮ್ಮೆ ನೋಡೋಣ ಎಂದು ಓಡಿಸಿದಷ್ಟೂ ಒಳಗಿನ ತಟ್ಟೆ ಗೀರಿ ಹಾಳಾಗುತ್ತದೆ. ಅಂಥದ್ದನ್ನು ಡೇಟಾ ರಿಕವರಿಯನ್ನೇ ಕೆಲಸ ಮಾಡಿಕೊಂಡಿರುವವರಿಗೆ ಕೊಡಿ, ದುಡ್ಡು ಜಾಸ್ತಿಯಾಗುತ್ತದೆ, ಆದರೆ ಅಪ್ಪನ ಫೋಟೊ ಮತ್ತೆ ತೆಗೆಯಲು ಆಗುವುದಿಲ್ಲವಲ್ಲ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್‌ಗೆ ಹಾಕಿದ್ದೆಲ್ಲ ಒನ್‌ಡ್ರೈವ್‌ಗೆ ಹೋಗುತ್ತಿದೆ, ಜಾಗ ತುಂಬಿತು ಎಂದು ದಿನಾ ಹೇಳುತ್ತದೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಕು, ಎಲ್ಲ ಡಿಲೀಟ್ ಮಾಡಿ ಕೊಟ್ಟರೆ ಸಾಕಾ? – ಓದುಗರು, ಬೆಂಗಳೂರು

ಉತ್ತರ: ತಡೆಯಿರಿ, ಇನ್ನೂ ಡಿಲೀಟ್ ಮಾಡಬೇಡಿ. ನಿಮ್ಮ ಎರಡು ಪ್ರಶ್ನೆಗಳೂ ಒಂದಕ್ಕೊಂದು ಸೇರಿಕೊಂಡಿವೆ.

ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರೂ ಹೆಚ್ಚಾಗಿ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹ) ಫೋಲ್ಡರ್‌ನ ಒಳಗೆ ಹೋಗಿಬಿಡುತ್ತವೆ. ಉಚಿತವಾಗಿ ಸಿಗುವುದು 5 ಜಿಬಿ, ಅದು ಫೋಟೊಗಳಿಗೆ ಎಲ್ಲಿ ಸಾಲುತ್ತದೆ! ಬೇಡವಾದರೆ ಒನ್‌ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಬ್ಯಾಕಪ್’ಗೆ ಹೋಗಿ ಮೂರನ್ನೂ ಆಫ್ ಮಾಡಿ. ಆಫ್ ಮಾಡಿದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಹೆದರಬೇಡಿ, ಫೈಲುಗಳು ಒನ್‌ಡ್ರೈವ್ ಫೋಲ್ಡರ್‌ನೊಳಗಿನ ಡೆಸ್ಕ್‌ಟಾಪ್‌ನಲ್ಲಿ ಇರುತ್ತವೆ. ಅಲ್ಲಿಂದ ಕಾಪಿ ಮಾಡಿಕೊಳ್ಳಿ. ಹೆಸರಿನ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲು ಕಂಪ್ಯೂಟರ್‌ನಲ್ಲಿಲ್ಲ, ನೆಟ್‌ನಲ್ಲಿದೆ. ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟು ಪೂರ್ತಿ ಇಳಿಸಿಕೊಳ್ಳಿ.

ಈಗ ಹಳೆಯದು. ಅದರಲ್ಲೂ ಇದೇ ಖಾತೆ ಇದ್ದರೆ, ಅಲ್ಲಿ ಒನ್‌ಡ್ರೈವ್ ಫೋಲ್ಡರ್‌ನಿಂದ ಡಿಲೀಟ್ ಮಾಡಿದ್ದು ನೆಟ್‌ನಿಂದಲೂ ಹೋಗುತ್ತದೆ, ಹೊಸ ಲ್ಯಾಪ್‌ಟಾಪ್‌ನಿಂದಲೂ ಹೋಗುತ್ತದೆ. ಹೀಗೆ ಈಗಾಗಲೇ ಆಗಿದ್ದರೆ ಒನ್‌ಡ್ರೈವ್ ವೆಬ್‌ಸೈಟ್‌ನ ರೀಸೈಕಲ್ ಬಿನ್ ನೋಡಿ, ಸಾಮಾನ್ಯವಾಗಿ 30 ದಿನ ಇರುತ್ತವೆ. ಆಗಿಲ್ಲದಿದ್ದರೆ ಮೊದಲು ಹಳೆಯದರ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಲಿಂಕ್ ದಿಸ್ ಪಿಸಿ’ ಕೊಡಿ, ಉಳಿದದ್ದೆಲ್ಲ ಆಮೇಲೆ.

ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸಾಲದು. ಹಾರ್ಡ್ ಡಿಸ್ಕ್‌ನಿಂದ ಅಂಥವನ್ನು ಮತ್ತೆ ಮೇಲೆತ್ತುವ ಪ್ರೋಗ್ರಾಮ್‌ಗಳು ಯಾರಿಗೆ ಬೇಕಾದರೂ ಸಿಗುತ್ತವೆ, ಆಧಾರ್, ಪ್ಯಾನ್, ಬ್ಯಾಂಕ್ ಕಾಗದ ಎಲ್ಲ ಅದರಲ್ಲಿರುತ್ತದೆ ಅಲ್ವಾ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ರೀಸೆಟ್ ದಿಸ್ ಪಿಸಿ’, ಅಲ್ಲಿ ‘ರಿಮೂವ್ ಎವ್ರಿಥಿಂಗ್’, ಮುಂದೆ ‘ಚೇಂಜ್ ಸೆಟ್ಟಿಂಗ್ಸ್’ ಒತ್ತಿ ‘ಕ್ಲೀನ್ ಡೇಟಾ’ ಆನ್ ಮಾಡಿ. ಡಿ, ಇ ಡ್ರೈವ್ ಇದ್ದರೆ ಎಲ್ಲ ಡ್ರೈವ್‌ಗಳನ್ನೂ ಆರಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ಚಾರ್ಜರ್ ಹಾಕಿಯೇ ಇರಲಿ.

ಎಕ್ಸ್‌ಚೇಂಜ್‌ನಲ್ಲಿ ಸಿಗುವ ದುಡ್ಡು ತೀರಾ ಕಡಿಮೆಯಾದರೆ, ಅಂಗಡಿಯವರು ಒಪ್ಪಿದರೆ, ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡಿ. ಒಂದು ಕೇಸ್ ತಂದು ಹಾಕಿದರೆ ಅದು ಇನ್ನೊಂದು ಬ್ಯಾಕಪ್. ಯಾರೂ ತೆಗೆದುಕೊಳ್ಳದಿದ್ದರೆ ಕಸದ ಗಾಡಿಗೆ ಹಾಕಬೇಡಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ಹೋಗಬೇಕು.